‘ಸಮಕ್ಷಮ’ದ ಒತ್ತಕ್ಷರ

ಇವತ್ತು ಮುಂಜಾನೆ ನರೇಗಲ್ಲಿನ ಸಂತೆಗೆ ಹೊರಟು ಬಸ್ಸಿಗೆ ಕಾಯುತ್ತಿದ್ದೆ. ಹವಾಲ್ದಾರರೊಬ್ಬರು ಬಂದು ಕೈಗೆ ಕಾಗದ ಕೊಟ್ಟರು. ಪಂಚನಾಮೆ. ಅಚ್ಚುಕಟ್ಟಾಗಿ ಟೈಪಾಗಿತ್ತು. ‘ಪಂಚರ ಸಮಕ್ಷಮ ಜಪ್ತಿ ಮಾಡಲಾಗಿದೆ’ ಎಂಬ ಸಾಲಿಗೆ ಬಂದು ಓದುವುದನ್ನು ನಿಲ್ಲಿಸಿದೆ.

ಯಾಕೆಂದು ಹೇಳುತ್ತೇನೆ, ಕೇಳಿ. ನಾನು ಕನ್ನಡ ಮಾಸ್ತರ, ಈಗ ನಿವೃತ್ತ. ಬೀಗರು ತಂದ ಮದುವೆಯ ಕರೆಯೋಲೆಯನ್ನೂ ತಿದ್ದಿ ವಾಪಸು ಕೊಟ್ಟವನು. ಆ ಬೀಗರು ಬಹಳ ದಿನ ಮಾತು ಬಿಟ್ಟಿದ್ದರು. ಇಂಥವನನ್ನು ಎಷ್ಟೋ ವರ್ಷಗಳ ಹಿಂದೆ ಅಂದಿನ ಪೊಲೀಸ್ ಫೌಜದಾರರು ಚಹಾದಂಗಡಿಯಲ್ಲಿ ಹಿಡಿದು, ಬರೆದೇ ತಂದಿದ್ದ ಪಂಚನಾಮೆ ಚಾಚಿದರು. ಬಿಳಿಯರು ಮಾಡಿದ ಕಾನೂನಿಗೆ ತನ್ನ ಪೊಲೀಸರ ಮೇಲೇ ನಂಬಿಕೆ ಇರಲಿಲ್ಲ. ಅದಕ್ಕೇ ಊರಿನ ಮರ್ಯಾದಸ್ಥರಿಬ್ಬರು ಪಂಚರಾಗಿ ಜಪ್ತಿಯನ್ನು ಕಣ್ಣಾರೆ ನೋಡಿ ಸಹಿ ಹಾಕಬೇಕೆಂದಿತು. ಬಿಳಿಯರು ಹೋದರು, ಮರ್ಯಾದಸ್ಥರು ಉಳಿದೆವು. ಕೂಲಿಯ ಫಕೀರಪ್ಪನ ಹಿತ್ತಿಲಲ್ಲಿ ಕದ್ದ ಪಂಪ್‌ಸೆಟ್ ಮೋಟಾರು ಸಿಕ್ಕಿತೆಂದೂ ನಾನದನ್ನು ಕಂಡೆನೆಂದೂ ಅದರಲ್ಲಿತ್ತು. ಆದರೆ ‘ಸಮಕ್ಸಮ’ ಎಂದು ಬರೆದಿದ್ದರು! ಜೇಬಿನ ಕೆಂಪು ಪೆನ್ನು ತೆಗೆದು ಒತ್ತಕ್ಷರ ತಿದ್ದಿದೆ, ಸಹಿ ಹಾಕಿದೆ. ಚಹಾ ಆರುವ ಮೊದಲೇ ಕೆಲಸ ಮುಗಿದಿತ್ತು.

“ಸರ ಭಾಳ ಶ್ಯಾಣ್ಯಾರು ಬಿಡ್ರಿ,” ಅಂದರು ಫೌಜದಾರರು. ನಾನು ಉಬ್ಬಿದೆ.

ಮುಂದೆ ರೋಣದ ಕೋರ್ಟಿನಲ್ಲಿ ಸರಕಾರಿ ವಕೀಲರು, ಮೋಟಾರನ್ನು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಫೌಜದಾರರು ಬಾಗಿಲಲ್ಲೇ ನಿಂತಿದ್ದರು. ನನ್ನದು ಸರಕಾರಿ ನೌಕರಿ. ಹೆದರಿ, “ಹೌದ್ರಿ” ಅಂದೆ. ಕಟಕಟೆಯಲ್ಲಿದ್ದ ಫಕೀರಪ್ಪ ಸಿಟ್ಟೇ ಇಲ್ಲದೆ ಕೇಳಿದ: “ಮಾಸ್ತರ್ರ, ನಮ್ಮನಿ ಹಾದಿನರ ಗೊತ್ತೈತೇನ್ರಿ ನಿಮಗ?”

ಗೊತ್ತಿರಲಿಲ್ಲ. ಅವನಿಗೆ ಜೈಲಾಯಿತು. ಆಮೇಲೂ ಆ ಕಡೆ ಕಾಲಿಡಲಿಲ್ಲ. ನಾಚಿಕೆಯಾಗುತ್ತಿತ್ತು, ಈಗಲೂ ಆಗುತ್ತದೆ.

ಈಗ ಕಾನೂನು ಬದಲಾಗಿದೆ, ಜಪ್ತಿಯ ವಿಡಿಯೋವನ್ನು ಮೊಬೈಲಿನಲ್ಲಿ ಹಿಡಿಯಬೇಕೆಂದು ಪತ್ರಿಕೆಯಲ್ಲಿ ಓದಿದ್ದೆ. ಇವತ್ತಿನ ಕಾಗದದಲ್ಲಿ ಗೋಡೆ ಕಟ್ಟುವ ಗೌಂಡಿ ಯಮನೂರಪ್ಪನ ಹೆಸರಿತ್ತು. ಅವನ ಮನೆಯಲ್ಲಿ ಕದ್ದ ತಾಮ್ರದ ವೈರು ಸಿಕ್ಕಿತಂತೆ, ನಾನು ಕಂಡೆನಂತೆ.

“ವಿಡಿಯೋ ಎಲ್ಲೈತ್ರಿ?” ಎಂದೆ.

“ಆಮ್ಯಾಲ ಮಾಡೂಣ್ರಿ ಸರ. ಮೊದಲ ಸಹಿ ಹಾಕ್ರಿ, ಸಾಹೇಬ್ರು ಕಾಯಾಕತ್ತಾರ.”

ಮುಚ್ಚಳ ತೆಗೆದ ಪೆನ್ನನ್ನು ಕೈಗೆ ಹಿಡಿಸಿದರು. ದನಿ ಗಡುಸಾಗಿತ್ತು. ಬಸ್ಸಿಗೆ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ? ಕಾಗದವನ್ನು ಮತ್ತೆ ಓದಿದೆ. ತಿದ್ದೋಣವೆಂದರೆ ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಪೆನ್ನನ್ನೂ ಕಾಗದವನ್ನೂ ಅವರ ಕೈಗೇ ಕೊಟ್ಟೆ.

“ಮೊಬೈಲ್ ತಗೀರಿ,” ಅಂದೆ. “ಮೊದಲ ಅವನ ಮನಿ ಹಾದಿ ತೋರಸ್ರಿ.”