ಗುರುಬಾಯಿಯ ತುರುಬು ಮತ್ತು ಹೆಲ್ಮೆಟ್ಟು

ಗುರುಬಾಯಿಯ ಕಿವಿ ಮಂದವಾಗಿದೆ ಎಂದು ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ತುಂಬ ಡಂಗುರ ಹೊಡೆದವನು ಆಕೆಯ ಭಾವ ಕಾಶಿನಾಥ. ಹಸಿ ಸುಳ್ಳು! ಆಚೆ ಮನೆಯ ಕುಕ್ಕರ್ ಸೀಟಿ ಹೊಡೆದರೆ ಆ ಮನೆಯವರಿಗಿಂತ ಮೊದಲು "ಗ್ಯಾಸ್ ಬಂದ್ ಮಾಡ್ರೀ" ಎಂದು ಕೂಗುವ ಹೆಂಗಸು ಅವಳು.

ವಿಜಯಪುರದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು. ಗಂಡ ಸಂಗಪ್ಪ ತನ್ನ ಮೋಟಾರ್‌ಸೈಕಲ್ ಕಲಿಸಿದ. ಕಲಿಸಿದ್ದೇ ತಪ್ಪಾಯಿತೋ ಏನೋ, ಆಮೇಲೆ ಅವಳ ಹಿಂದೆ ಕುಳಿತೇ ಸ್ಟೇಷನ್ನಿಗೆ ಹೋಗತೊಡಗಿದ. ಈಗ ಪ್ರತಿ ಭಾನುವಾರ ಆರೆ ಕಾಲೊನಿಯ ರಸ್ತೆಯಲ್ಲಿ ಗುರುಬಾಯಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಾಳೆ. ಕಲಿಯುವವಳು ಮುಂದೆ, ಇವಳು ಬೈಕಿನಲ್ಲಿ ಹಿಂದೆ. ಇಬ್ಬರ ಹೆಲ್ಮೆಟ್ಟಿಗೂ ಮಾತಾಡುವ ಹೆಡ್‌ಸೆಟ್. "ಹಾರ್ನ್ ಹೊಡಿ, ಬ್ರೇಕ್ ಒತ್ತು, ಆ ರಿಕ್ಷಾದವನ ಮಾರಿ ನೋಡಬ್ಯಾಡ" ಎಂದು ಕಿವಿಯೊಳಗೇ ಬೈಸಿಕೊಂಡು ನಾನೂ ನಲವತ್ತು ದಾಟಿದ ಮೇಲೆ ಕಲಿತೆ.

ಹೋದ ತಿಂಗಳು ಕಾಲೇಜಿನ ಹುಡುಗಿ ಸೌಮ್ಯಾ ತಿರುವಿನಲ್ಲಿ "ಅಕ್ಕಾ, ಮುಡೂಂ ಕ್ಯಾ?" ಎಂದು ತಿರುಗಲು ಅಪ್ಪಣೆ ಕೇಳಿದಳಂತೆ. ಗುರುಬಾಯಿಯ ಹೆಲ್ಮೆಟ್ಟಿನೊಳಗೆ ಗಾಳಿ ಭೋರ್ ಎನ್ನುತ್ತಿತ್ತು, ಏನೂ ಕೇಳಿಸಲಿಲ್ಲ. ಉತ್ತರ ಬಾರದೆ ಹುಡುಗಿ ಗಾಬರಿಯಾಗಿ ಚರಂಡಿಗೆ ಬಿದ್ದಳು. ಮೊಣಕಾಲು ತರಚಿತು. ಕಾಶಿನಾಥನಿಗೆ ಇಷ್ಟೇ ಸಾಕಾಗಿತ್ತು. "ಕಿವಿ ಕೇಳದಾಕಿ ಕಲಿಸೂದೇನು? ಬರೂ ಐತವಾರ ನಾನ ಬಂದು ಕ್ಲಾಸ್ ಬಂದ್ ಮಾಡಸ್ತೀನಿ" ಎಂದು ಲಿಫ್ಟಿನ ಮುಂದೆ ಎಲ್ಲರೆದುರು ಸಾರಿದ. ಇಬ್ಬರು ಹೆಂಗಸರು ಆಗಲೇ ಕಲಿಯಲು ಬರುವುದಿಲ್ಲವೆಂದರು. ನನಗಂತೂ ಮೈಯೆಲ್ಲ ಉರಿಯಿತು.

ತಪ್ಪು ಕಿವಿಯದಲ್ಲ, ಹೆಲ್ಮೆಟ್ಟಿನದು. ಅವರ ಮನೆಯಲ್ಲಿ ಸೊಸೆಯಾದವಳು ತುರುಬು ಕಟ್ಟದೆ ಹೊಸ್ತಿಲು ದಾಟುವಂತಿಲ್ಲ. ಅತ್ತೆ ಚಂದ್ರವ್ವನ ಕಾಲದ ಪದ್ಧತಿ. ಆ ತುರುಬು ಒಳಗೆ ಹಿಡಿಯಲಿ ಎಂದು ಗುರುಬಾಯಿ ಬೇಕೆಂದೇ ದೊಡ್ಡ ಸೈಜಿನ ಹೆಲ್ಮೆಟ್ಟು ತಂದಿದ್ದಳು. ಕೊಡದೊಳಗಿನ ನಿಂಬೆಹಣ್ಣಿನಂತೆ ತಲೆ ಅದರೊಳಗೆ ಕುಣಿಯುತ್ತಿತ್ತು. ಸಂದಿಯಿಂದ ಗಾಳಿ ನುಗ್ಗದೆ ಇನ್ನೇನಾದೀತು?

ಶನಿವಾರ ನಾವಿಬ್ಬರೂ ಲೋಕಲ್ ರೈಲು ಹಿಡಿದು ಗ್ರಾಂಟ್ ರೋಡಿನ ಹೆಲ್ಮೆಟ್ ಅಂಗಡಿಗೆ ಹೋದೆವು.

"ಆಂಟಿ, ಲೇಡೀಸ್‌ವಾಲಾ ದಿಖಾವೂಂ?" ಎನ್ನುತ್ತ ಅಂಗಡಿಯವನು ಗುಲಾಬಿ ಹೂವಿನ ಚಿತ್ರವಿದ್ದ ಅರ್ಧ ಹೆಲ್ಮೆಟ್ಟು ತೆಗೆದ.

"ಹೂವು ನಕೋ. ಆವಾಜ್ ಅಂದರ್ ನಹೀ ಆನಾ, ಐಸಾ ದೇ" ಎಂದು ಹೊರಗಿನ ಸದ್ದು ಒಳಗೆ ಬರದಂಥದ್ದನ್ನು ಕೇಳಿದಳು ಗುರುಬಾಯಿ.

ಆತ ಮುಖ ಪೂರ್ತಿ ಮುಚ್ಚುವುದನ್ನು ಕೊಟ್ಟ. ಕೆನ್ನೆಗೆ ಮೆತ್ತೆ ಒತ್ತಬೇಕು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ಟೂ ತಲೆಯ ಜೊತೆಗೇ ಬರಬೇಕು, ಸ್ಪೀಕರ್ ಕಿವಿಯನ್ನು ಒತ್ತದೆ ಸರಿಯಾಗಿ ಅದರ ಎದುರಿಗಿರಬೇಕು ಎಂದ. ಸೈಜು ಸರಿಯಾದದ್ದೇ. ಆದರೆ ತುರುಬಿಗೆ ಬಂದು ನಿಂತುಬಿಟ್ಟಿತು. "ಬಾಲ್ ಕಟವಾ ಲೋ ಆಂಟಿ, ಯಾ ಘರ್ ಬೈಠೋ", ಕೂದಲು ಕತ್ತರಿಸಿಕೊಳ್ಳಿ ಇಲ್ಲವೇ ಮನೆಯಲ್ಲಿ ಕೂತಿರಿ ಎಂದು ನಕ್ಕ. ನಾನು ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಗುರುಬಾಯಿ ಒಂದೊಂದೇ ಪಿನ್ನು ಕಿತ್ತು ಕೌಂಟರಿನ ಮೇಲೆ ಟಣ್ ಟಣ್ ಎಂದು ಹಾಕಿದಳು. ಕೂದಲು ಸೊಂಟದವರೆಗೆ ಬಿತ್ತು.

"ಅಯ್ಯ, ನಿಮ್ಮತ್ತಿ ಏನಂತಾರ?" ಎಂದೆ.

"ಅನ್ನಲಿ ತಗೋ. ಮಂದಿ ಹುಡುಗಿನ ಚರಂಡಿಗೆ ಕೆಡವಿ ನಾ ತುರುಬು ಕಾಯ್ಲೇನು?"

ಕತ್ತಿನ ಹತ್ತಿರ ಜಡೆ ಹೆಣೆದು ಬೆನ್ನಿಗೆ ಬಿಟ್ಟಳು. ಹೆಲ್ಮೆಟ್ಟು ಗಪ್ಪನೆ ಕೂತಿತು. ತಂದಿದ್ದ ಹೆಡ್‌ಸೆಟ್ಟುಗಳಲ್ಲಿ ಒಂದನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದನ್ನು ಹಿಡಿದು ನಾನು ರಸ್ತೆಗಿಳಿದೆ. ಬಸ್ಸು, ಹಾರ್ನು, ಹಮಾಲರ ಕೂಗು. ಅದರ ನಡುವೆ ಮೆಲ್ಲಗೆ, "ನಿಮ್ಮ ಭಾವ ದೊಡ್ಡ ಕಿರಿಕಿರಿ ಮನುಷ್ಯಾ" ಎಂದೆ. ಅಂಗಡಿಯ ಒಳಗಿನಿಂದ ಉತ್ತರ ಬಂತು: "ಅದನ್ನ ಕೇಳಾಕ ಹೆಲ್ಮೆಟ್ ಯಾಕ ಬೇಕು?"

ಮನೆಯಲ್ಲಿ ಚಂದ್ರವ್ವ ಜಡೆಯನ್ನು ದಿಟ್ಟಿಸಿ ನೋಡಿದಳು. ಕಾಶಿನಾಥ "ನೋಡ್ಬೇ ಅವ್ವಾ, ನಿನ್ನ ಸೊಸಿನ್ನ" ಎಂದು ಶುರುಮಾಡಿದ. ಮುದುಕಿ, "ನಾನೇನ್ ಕುರುಡಿ ಅದೀನೇನು? ಕಾಣಾಕತ್ತೈತಿ. ಏ ಗುರುಬಾಯಿ, ರೊಟ್ಟಿ ಬಿಸಿ ಅದಾವು, ಬಾ" ಎಂದು ಒಳಗೆ ಹೋದಳು.

ಆದರೂ ಭಾನುವಾರ ಮಹಾರಾಯ ಬಂದೇ ಬಂದ. ಸೌಮ್ಯಾ ಬಿದ್ದ ತಿರುವಿನಲ್ಲೇ ನಡುರಸ್ತೆಯಲ್ಲಿ ನಿಂತು ಕೈ ಅಡ್ಡ ಚಾಚಿದ. "ನಿಲ್ಲಸ್ರಿ! ಕ್ಲಾಸ್ ಬಂದ್!"

ಸೌಮ್ಯಾಳ ಸ್ಕೂಟರ್ ಅವನತ್ತ ಹೋಗುತ್ತಿತ್ತು. ನಾನು ಗುರುಬಾಯಿಯ ಹಿಂದೆ ಕುಳಿತಿದ್ದೆ. ಹುಡುಗಿ ಏನು ಕೇಳಿದಳೋ, ಇವಳು ತಟ್ಟನೆ, "ಕೇಳಿಸ್ತವ್ವಾ. ಅಂಜಬ್ಯಾಡ, ಸಾವಕಾಶ ತಿರುಗು" ಎಂದಳು. ಆಮೇಲೆ ಗಾಜು ಮೇಲೆತ್ತಿ ಕೂಗಿದಳು:

"ಭಾವಾರ, ಬಾಜೂಕ ಸರೀರಿ! ಆಕಿಗೆ ಬ್ರೇಕ್ ಹಿಡಿಯೂದು ಇನ್ನೂ ಪಕ್ಕಾ ಆಗಿಲ್ಲ!"

ಕಾಶಿನಾಥ ಒಂದು ಚಪ್ಪಲಿಯನ್ನು ರಸ್ತೆಯಲ್ಲೇ ಬಿಟ್ಟು ಬದಿಗೆ ಹಾರಿದ. ಸೌಮ್ಯಾ ಆ ಚಪ್ಪಲಿಯನ್ನು ಸುತ್ತುಹಾಕಿ, ಕಾಲು ನೆಲಕ್ಕೆ ತಾಗಿಸದೆ ತಿರುಗಿ ಬಂದಳು.