‘ತಕರಾರಿಲ್ಲ’ ಎಂದು ನಾನು ಬರೆದ ನಡಾವಳಿ

2023ರ ಮಾರ್ಚ್ ತಿಂಗಳ ಎರಡನೇ ಮಂಗಳವಾರ, ಸಂಜೆ ಐದೂವರೆ ಗಂಟೆ. ಸ್ಥಳ, ಸ್ಯಾನ್ ಡಿಯಾಗೋದ ಉತ್ತರಕ್ಕಿರುವ ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್ ಕಚೇರಿಯ ಸಭಾಂಗಣ. ಹಾಜರಿದ್ದವರು ಸ್ಕೂಲ್ ಬೋರ್ಡಿನ ಐವರು ಸದಸ್ಯರು, ವಿಶೇಷ ಶಿಕ್ಷಣ ವಿಭಾಗದ ನಿರ್ದೇಶಕಿ, ನಮ್ಮ ಸಲಹಾ ಸಮಿತಿಯ ಅಧ್ಯಕ್ಷರು, ಆ ಸಮಿತಿಯ ನಡಾವಳಿ ಬರೆಯುವ ನಾನು, ನನ್ನ ಎಡಗಡೆ ಕುರ್ಚಿಯ ಅಂಚಿನಲ್ಲಿ ಕೂತಿದ್ದ ಒಬ್ಬ ತಾಯಿ. ಹಿಂದಿನ ಸಾಲುಗಳಲ್ಲಿ ಹದಿನೈದಿಪ್ಪತ್ತು ಜನ. ನಾನು ಅರ್ಧ ಗಂಟೆ ಮುಂಚೆ ಹೋಗಿ ಮೂರು ಕುರ್ಚಿ ಹಿಡಿದಿದ್ದೆ.

ಅಂದಿನ ಕಾರ್ಯಸೂಚಿಯಲ್ಲಿ ಒಂಬತ್ತನೆಯದು ನಮ್ಮ ವಿಷಯ. ರಾಂಚೊ ಬರ್ನಾರ್ಡೊದ ಒಂದು ಪ್ರಾಥಮಿಕ ಶಾಲೆಯಲ್ಲಿದ್ದ ವಿಶೇಷ ತರಗತಿಯನ್ನು ಮುಚ್ಚಿ, ಅದರ ಏಳು ಮಕ್ಕಳನ್ನು ಫ್ರೀವೇ ಆಚೆಗಿನ ಇನ್ನೊಂದು ಶಾಲೆಗೆ ಸೇರಿಸುವ ಪ್ರಸ್ತಾಪ ಅದು. ಆ ಏಳರಲ್ಲಿ ಒಬ್ಬಳು ನನ್ನ ಪಕ್ಕ ಕೂತಿದ್ದ ತಾಯಿಯ ಮಗಳು. ಎಂಟು ವರ್ಷ. ಮಾತು ಇನ್ನೂ ಬಂದಿರಲಿಲ್ಲ. ಈಗಿನ ಶಾಲೆ ಅವರ ಮನೆಯಿಂದ ನಡೆದು ಹತ್ತು ನಿಮಿಷ. ಆ ವರ್ಷ ಅವಳು ತನ್ನ ಚೀಲವನ್ನು ತಾನೇ ಗೂಟಕ್ಕೆ ಹಾಕುವುದನ್ನು, ಚಿತ್ರದ ಮೇಲೆ ಬೆರಳಿಟ್ಟು ನೀರು ಕೇಳುವುದನ್ನು ಕಲಿತಿದ್ದಳು. ಹೊಸ ಶಾಲೆಗೆ ಬಸ್ಸಿನಲ್ಲಿ ಹೋಗಬೇಕು. ಬಸ್ಸು ಅವಳಿಗೆ ಆಗದು. ಪ್ರಸ್ತಾಪ ಬಂದಾಗ ಇದು ನಿರ್ದೇಶಕಿಗೆ ಗೊತ್ತಿರಲಿಲ್ಲ, ಬೋರ್ಡಿಗೂ ಗೊತ್ತಿರಲಿಲ್ಲ. ಗೊತ್ತಾಗದೇ ಇದ್ದದ್ದು ನನ್ನಿಂದ.

ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಲಿತವಳು. ಹಾಸ್ಟೆಲಿನಲ್ಲಿ ನಾಲ್ಕೂವರೆಗೆ ಗಂಟೆ, ಐದಕ್ಕೆ ಹಾಸಿಗೆ ತಪಾಸಣೆ, ಹಾಸಿಗೆಯ ಮೂಲೆ ಸರಿಯಾಗಿ ಮಡಚಿಲ್ಲವೆಂದರೆ ಅಂದಿನ ಚಹಾ ಇಲ್ಲ. ಆಮೇಲೆ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್ ಹತ್ತಿರ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ. ಬದುಕಿನ ಬಹುಪಾಲನ್ನು ವಾರ್ಡಿನ ವರದಿ ಪುಸ್ತಕದಲ್ಲಿ ಕಳೆದೆ ಎಂದರೂ ನಡೆದೀತು. 2020ರಲ್ಲಿ ನಿವೃತ್ತಿಯಾಗಿ ನಾನೂ ನನ್ನವರೂ ರಾಂಚೊ ಬರ್ನಾರ್ಡೊಗೆ ಬಂದಾಗ ಕೋವಿಡ್‌ನಿಂದ ಎಲ್ಲವೂ ಬಾಗಿಲು ಹಾಕಿತ್ತು. ಮರುವರ್ಷ ಗ್ರಂಥಾಲಯ ತೆರೆದ ವಾರವೇ ಅಲ್ಲಿನ ಫಲಕದಲ್ಲಿ ಒಂದು ಚೀಟಿ ನೋಡಿದೆ. ವಿಶೇಷ ಶಿಕ್ಷಣದ ಸಲಹಾ ಸಮಿತಿಗೆ ಊರಿನವರೊಬ್ಬರು ಬೇಕು, ನಡಾವಳಿ ಬರೆಯಬಲ್ಲವರಾದರೆ ಉತ್ತಮ ಎಂದಿತ್ತು. ಅಂದೇ ಅಪ್ಲೈ ಮಾಡಿದೆ. ನನ್ನವರು, ಮನೆಯಲ್ಲಿ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿ ಮುಗಿಯಿತಲ್ಲ, ಇನ್ನು ಊರಿಗೆ ಅಂಟಿಸು ಎಂದರು.

ಕ್ಯಾಲಿಫೋರ್ನಿಯಾದ ಕಾನೂನಿನಂತೆ ಇಂಥ ಸಮಿತಿ ಇರಲೇಬೇಕು. ಅದರಲ್ಲಿ ಹೆಚ್ಚಿನವರು ವಿಶೇಷ ಶಿಕ್ಷಣ ಪಡೆಯುವ ಮಕ್ಕಳ ತಂದೆತಾಯಂದಿರೇ ಆಗಿರಬೇಕು. ಸಮಿತಿ ಸಲಹೆ ಕೊಡುತ್ತದೆ, ತೀರ್ಮಾನ ಬೋರ್ಡಿನದು. ನಾವು ಹೇಳಿದ್ದನ್ನೆಲ್ಲ ಬೋರ್ಡು ಒಪ್ಪಬೇಕೆಂದಿಲ್ಲ, ಆದರೆ ನಾವು ಏನು ಹೇಳಿದೆವೆಂದು ಅವರಿಗೆ ತಿಳಿಯುವುದು ನಡಾವಳಿಯಿಂದ. ನಮ್ಮ ಅಧ್ಯಕ್ಷರ ಮಗಳು ಗಾಲಿಕುರ್ಚಿಯಲ್ಲಿ ಇದೇ ಶಾಲೆಗಳಲ್ಲಿ ಓದಿ ದೊಡ್ಡವಳಾದವಳು. ಅವರು ಅಮೆರಿಕದವರು, ಲಾರಿ ಓಡಿಸುತ್ತಿದ್ದವರು, ದೊಡ್ಡ ಗಡ್ಡ, ನಿಧಾನದ ಮಾತು. ಹಿಂದೆ ನಡಾವಳಿ ಹತ್ತು ಪುಟ ಇರುತ್ತಿತ್ತಂತೆ, ಯಾರೂ ಓದುತ್ತಿರಲಿಲ್ಲ. ನಾನು ಬಂದ ಮೇಲೆ ಒಂದೇ ಪುಟ. ಬೋರ್ಡಿನ ಸದಸ್ಯರೊಬ್ಬರು ಅದನ್ನು ಹೊಗಳಿದ್ದರು. ನನಗೆ ಹೆಮ್ಮೆಯಿತ್ತು.

ಜನವರಿಯ ಸಮಿತಿ ಸಭೆಗೆ ನಿರ್ದೇಶಕಿ ಈ ಪ್ರಸ್ತಾಪ ತಂದರು. ಎರಡು ಶಾಲೆಗಳಲ್ಲಿ ಎರಡು ಅರ್ಧ ತುಂಬಿದ ತರಗತಿ, ಒಬ್ಬ ಶಿಕ್ಷಕಿ ಕೆಲಸ ಬಿಡುತ್ತಿದ್ದಾರೆ, ಹೊಸಬರು ಸಿಗುತ್ತಿಲ್ಲ. ಬಸ್ಸಿನ ದಾರಿ ಇಪ್ಪತ್ತೈದು ನಿಮಿಷ ಎಂದು ಕಾಗದದಲ್ಲಿತ್ತು. ಆ ತರಗತಿಯ ಕುಟುಂಬಗಳಿಂದ ಬಂದಿದ್ದವರು ಈ ತಾಯಿ ಒಬ್ಬರೇ. ಬೆಂಗಳೂರಿನವರು, ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ನಿಮಗೇನಾದರೂ ತೊಂದರೆಯಿದೆಯೇ ಎಂದು ಅಧ್ಯಕ್ಷರು ಕೇಳಿದರು. ಆಕೆ ಎದ್ದು ನಿಂತು, ಶಾಲೆಯವರು ತಮ್ಮ ಮಗಳಿಗಾಗಿ ಬಹಳ ಮಾಡಿದ್ದಾರೆ, ತೊಂದರೆ ಏನಿಲ್ಲ, ಹೇಗೋ ಹೊಂದಿಕೊಳ್ಳುತ್ತೇವೆ ಎಂದು ನಗುತ್ತ ಹೇಳಿ ಕೂತರು. ನಾನು ಬರೆದೆ: ‘ಪೋಷಕರು ಹಾಜರಿದ್ದರು. ತಕರಾರಿಲ್ಲ.’ ಗಡಿಯಾರ ನೋಡಿ ಮುಂದಿನ ವಿಷಯಕ್ಕೆ ಗೆರೆ ಎಳೆದೆ.

ಫೆಬ್ರವರಿಯ ಒಂದು ಶನಿವಾರ ಆಕೆ ನಮ್ಮ ಮನೆಗೆ ಬಂದರು. ನಾನು ಕನ್ನಡದವಳೆಂದು ತಿಳಿದು, ಡಬ್ಬಿಯಲ್ಲಿ ನಿಂಬೆಹಣ್ಣಿನ ಚಿತ್ರಾನ್ನ ತಂದಿದ್ದರು. ಡಬ್ಬಿ ತೊಳೆದು ಕೊಡುವಷ್ಟರಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಿಂದಿನ ಬೇಸಿಗೆ ತರಗತಿಗೆ ಮಗಳನ್ನು ಬಸ್ಸಿನಲ್ಲಿ ಕಳಿಸಿದ್ದರಂತೆ. ಅರ್ಧ ಗಂಟೆ ದಾಟಿದರೆ ಅವಳು ಕಿವಿ ಮುಚ್ಚಿಕೊಂಡು ಕಿರುಚುತ್ತಾಳೆ, ಆಮೇಲೆ ವಾಂತಿ. ಶಾಲೆ ಮುಟ್ಟುವಾಗ ಬಟ್ಟೆಯೆಲ್ಲ ಹಾಳು, ಊಟದ ಹೊತ್ತಿನವರೆಗೆ ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಎರಡು ವಾರಕ್ಕೆ ನಿಲ್ಲಿಸಿಬಿಟ್ಟರಂತೆ. ಶಾಲೆಗೆ ಕೊಟ್ಟ ಕಾರಣ, ಊರಿಗೆ ಹೋಗಬೇಕಾಗಿದೆ.

“ಅಲ್ಲವಾ, ಇದನ್ನ ಅವತ್ತ ಸಭಾದಾಗ ಯಾಕ ಹೇಳಲಿಲ್ಲ?” ಎಂದೆ.

“ಅಷ್ಟು ಜನರ ಮುಂದೆ ಹೇಗೆ ಹೇಳೋದು ಆಂಟಿ? ಅವರು ನಮಗೆ ಇಷ್ಟೆಲ್ಲ ಮಾಡಿದಾರೆ. ದೂರು ಹೇಳೋಕೆ ಬಂದ ಹಾಗಾಗತ್ತೆ.”

“ಆಫೀಸಿನಾಗ ದಿನಾ ತಪ್ಪು ಹುಡುಕಾಕ ಪಗಾರ ತಗೋತಿ. ಇಲ್ಲಿ ಬಾಯಿ ಯಾಕ ಕಟ್ಟಿತು?”

“ಅದು ಕೋಡ್ ಆಂಟಿ. ತಪ್ಪು ಹೇಳಿದ್ರೆ ಅದಕ್ಕೆ ಬೇಜಾರಾಗಲ್ಲ.” ಡಬ್ಬಿಯ ಮುಚ್ಚಳ ಹಾಕುತ್ತ ಮೆಲ್ಲಗೆ ಸೇರಿಸಿದರು: “ನೀವೂ ಅಲ್ಲೇ ಇದ್ರಲ್ಲ. ಅವರಿಗೆ ಗೊತ್ತಾಗಲ್ಲ, ಸರಿ. ನಿಮಗೂ ಗೊತ್ತಾಗ್ಲಿಲ್ವಾ?”

ವಾರ್ಡಿನಲ್ಲಿದ್ದಾಗ, ನಮ್ಮ ಕಡೆಯ ಮುದುಕಿಯೊಬ್ಬಳು ‘ಆರಾಮ ಅದೀನ್ರಿ ಸಿಸ್ಟರ್’ ಎಂದರೆ ಮೊದಲು ನಾಡಿ ಹಿಡಿಯುತ್ತಿದ್ದವಳು ನಾನು. ಉಪಕಾರ ಮಾಡಿದವರ ಎದುರು ನೋವು ಹೇಳುವುದು ಮರ್ಯಾದೆಯಲ್ಲ ಎಂದು ನಮ್ಮವರು ತುಟಿ ಬಿಗಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಆ ಕೋಣೆಯಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ. ನಾನು ಗಡಿಯಾರ ನೋಡುತ್ತಿದ್ದೆ. ಬೋರ್ಡಿನ ಕಡತದಲ್ಲಿ ಈಗ ‘ತಕರಾರಿಲ್ಲ’ ಎಂದು ಕೂತಿತ್ತು, ಮಾರ್ಚ್‌ನಲ್ಲಿ ಅದರ ಮೇಲೆಯೇ ಮತ ಹಾಕುವವರಿದ್ದರು.

ಸೋಮವಾರ ಎಂಟಕ್ಕೆ ಅಧ್ಯಕ್ಷರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೋರ್ಡಿಗೆ ಹೋದ ನಡಾವಳಿಯನ್ನೂ ಸಮಿತಿಯ ಮತದಿಂದ ತಿದ್ದಬಹುದು, ತಿಂಗಳ ಕೊನೆಯ ಸಭೆಗೆ ಅದನ್ನು ಕಾರ್ಯಸೂಚಿಯಲ್ಲಿ ಹಾಕೋಣ ಎಂದರು. ಆಮೇಲೆ ಒಂದು ಪ್ರಶ್ನೆ ಕೇಳಿದರು: ಆ ಇಪ್ಪತ್ತೈದು ನಿಮಿಷ ಯಾವುದು, ಶಾಲೆಯಿಂದ ಶಾಲೆಗೋ, ಮಗುವಿನ ಮನೆಯಿಂದ ಶಾಲೆಗೋ? ಲಾರಿ ಓಡಿಸಿದವರಿಗೆ ಹೊಳೆಯುವ ಪ್ರಶ್ನೆ. ನನಗೆ ಹೊಳೆದಿರಲಿಲ್ಲ.

ಬುಧವಾರ ಬೆಳಗ್ಗೆ ಆರೂ ಐವತ್ತಕ್ಕೆ ನಾನೇ ಆ ಹುಡುಗಿಯ ಮನೆಯ ಮುಂದಿನಿಂದ ಕಾರು ತೆಗೆದೆ. ಪ್ರಸ್ತಾಪದ ಕೊನೆಯಲ್ಲಿ ಬಸ್ಸಿನ ನಿಲ್ದಾಣಗಳ ಪಟ್ಟಿ ಇತ್ತು. ಮೊದಲನೆಯದು ಈ ಹುಡುಗಿಯದೇ. ಪ್ರತಿ ನಿಲ್ದಾಣದಲ್ಲೂ ಎರಡು ನಿಮಿಷ ನಿಂತೆ. ಗಾಲಿಕುರ್ಚಿಯ ಮಗು ಹತ್ತುವ ಕಡೆ, ಅಧ್ಯಕ್ಷರು ಹೇಳಿದಂತೆ, ಐದು ನಿಮಿಷ. ಐ-15 ಫ್ರೀವೇಯಲ್ಲಿ ಆ ಹೊತ್ತಿಗೆ ವಾಹನಗಳು ತೆವಳುತ್ತಿದ್ದವು. ಖಾಲಿ ರಸ್ತೆ ಬದಿಯಲ್ಲಿ ಕೈಗಡಿಯಾರ ನೋಡುತ್ತ ಕೂತ ಮುದುಕಿಯನ್ನು ಕಂಡು, ನಾಯಿ ಹಿಡಿದು ಹೋಗುತ್ತಿದ್ದವರೊಬ್ಬರು ಕಾರು ಕೆಟ್ಟಿದೆಯೇ ಎಂದು ವಿಚಾರಿಸಿದರು. ಹೊಸ ಶಾಲೆಯ ಗೇಟು ಮುಟ್ಟಿದಾಗ ಎಂಟೂ ಒಂದು. ಒಟ್ಟು ಎಪ್ಪತ್ತೊಂದು ನಿಮಿಷ. ಗುರುವಾರ ಇನ್ನೊಮ್ಮೆ ಹೋದೆ, ಅರವತ್ತೆಂಟು. ಎರಡನ್ನೂ ಬರೆದಿಟ್ಟೆ.

ತಿಂಗಳ ಕೊನೆಗೆ ಸಮಿತಿ ನಡಾವಳಿಯನ್ನು ತಿದ್ದಿತು. ಉಳಿದದ್ದು ಬೋರ್ಡಿನ ಮುಂದೆ ತಾಯಿ ಮಾತಾಡುವುದು. ಸಾರ್ವಜನಿಕರಿಗೆ ಅಲ್ಲಿ ಮೂರು ನಿಮಿಷ, ಕೆಂಪು ದೀಪ ಹತ್ತಿದರೆ ಮುಗಿಯಿತು. ನನ್ನ ಅಡುಗೆಮನೆಯ ಮೇಜಿನ ಎದುರು ಆಕೆಯನ್ನು ನಿಲ್ಲಿಸಿ, ಕುಕ್ಕರಿಗೆ ಇಡುವ ಟೈಮರ್ ಇಟ್ಟೆ. ಮೊದಲ ಸಲ ಶಿಕ್ಷಕಿಗೆ, ಪ್ರಿನ್ಸಿಪಾಲರಿಗೆ, ಬಸ್ಸಿನ ಚಾಲಕರಿಗೆ, ಬೋರ್ಡಿಗೆ ಧನ್ಯವಾದ ಹೇಳುವಷ್ಟರಲ್ಲಿ ಎರಡು ನಿಮಿಷ ಹತ್ತು ಸೆಕೆಂಡು ಹೋಗಿತ್ತು.

“ನಿನ್ನ ವಂದನಾರ್ಪಣೆ ಮಾಡಾಕ ಕರದಾರೇನು?” ಎಂದೆ.

ಆಕೆ ನಕ್ಕರು. ಧನ್ಯವಾದ ಒಂದೇ ಸಾಲು ಎಂದು ಕರಾರು ಮಾಡಿಕೊಂಡೆವು. ಐದನೇ ಸಲಕ್ಕೆ ಎರಡು ನಿಮಿಷ ಐವತ್ತು ಸೆಕೆಂಡಿಗೆ ಬಂತು. ವಾಂತಿಯ ವಿಷಯ ಬಂದಾಗ ಮಾತ್ರ ಪ್ರತಿ ಸಲವೂ ದನಿ ಇಳಿಯುತ್ತಿತ್ತು. ಅದನ್ನು ಸರಿಪಡಿಸಲು ನಾನು ಹೋಗಲಿಲ್ಲ.

ಆ ಮಂಗಳವಾರ ಒಂಬತ್ತನೇ ವಿಷಯ ಬಂದದ್ದು ಆರೂ ಮುಕ್ಕಾಲಿಗೆ. ನಿರ್ದೇಶಕಿ ಪ್ರಸ್ತಾಪ ವಿವರಿಸಿದರು. ಸಮಿತಿಯ ನಡಾವಳಿ ತಿದ್ದುಪಡಿಯಾಗಿದೆ ಎಂದು ಅಧ್ಯಕ್ಷರು ಹೇಳಿ ನನ್ನನ್ನು ಕರೆದರು. ನಾನು ತಿದ್ದಿದ ಸಾಲುಗಳನ್ನು, ಎರಡು ದಿನದ ಎರಡು ಸಮಯಗಳನ್ನು ಓದಿ, ಮೊದಲ ನಡಾವಳಿಯ ತಪ್ಪು ನನ್ನದು ಎಂದೆ. ಸದಸ್ಯರೊಬ್ಬರು, ಜನವರಿಯಿಂದ ಈಚೆಗೆ ಏನು ಬದಲಾಯಿತು ಎಂದು ಕೇಳಿದರು. ಏನೂ ಬದಲಾಗಿಲ್ಲ, ತೊಂದರೆ ಆಗಲೂ ಇತ್ತು, ತುಂಬಿದ ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳಿದರೆ ಕೆಲವು ಮನೆಯವರು ಅದನ್ನು ಹೇಳುವುದಿಲ್ಲ, ನನಗೆ ಅದು ತಿಳಿದಿರಬೇಕಿತ್ತು ಎಂದೆ.

ತಾಯಿ ಮೈಕಿನ ಮುಂದೆ ಹೋದರು. ಒಂದು ಸಾಲಿನ ಧನ್ಯವಾದ. ನಂತರ ಮಗಳು ಬೆಳಗ್ಗೆ ನಡೆದು ಹೋಗುವ ದಾರಿ, ಗೂಟದ ಮೇಲಿನ ಚೀಲ, ನೀರಿನ ಚಿತ್ರ. ನಂತರ ಬೇಸಿಗೆಯ ಎರಡು ವಾರ. ದನಿ ಇಳಿಯಿತು, ಆದರೆ ನಿಲ್ಲಲಿಲ್ಲ. ಊರಿಗೆ ಹೋಗುತ್ತೇವೆಂದು ತಾವು ಶಾಲೆಗೆ ಸುಳ್ಳು ಹೇಳಿದ್ದನ್ನೂ ಹೇಳಿದರು. ಅದು ಅಭ್ಯಾಸದಲ್ಲಿ ಇರಲಿಲ್ಲ. ಕೆಂಪು ದೀಪ ಹತ್ತುವ ಮುಂಚೆ ಬಂದು ಕೂತರು.

ಬೋರ್ಡಿನ ಅಧ್ಯಕ್ಷೆ ನಿರ್ದೇಶಕಿಯ ಕಡೆ ತಿರುಗಿ ಆ ಇಪ್ಪತ್ತೈದು ನಿಮಿಷದ ಬಗ್ಗೆ ಕೇಳಿದರು. ನಿರ್ದೇಶಕಿ ನೇರ ಸ್ವಭಾವದವರು. ಅದು ಶಾಲೆಯಿಂದ ಶಾಲೆಗೆ, ನಡುವೆ ಎಲ್ಲೂ ನಿಲ್ಲದೆ ಎಂದು ಒಪ್ಪಿಕೊಂಡರು. ಈ ಮಗುವಿನ ಬಸ್ಸಿನ ತೊಂದರೆ ಜನವರಿಯಲ್ಲಿ ತಮ್ಮ ಕಡತದಲ್ಲಿ ಎಲ್ಲಿಯೂ ಇರಲಿಲ್ಲವೆಂದೂ, ಇದ್ದಿದ್ದರೆ ಪ್ರಸ್ತಾಪವನ್ನು ಹೀಗೆ ತರುತ್ತಿರಲಿಲ್ಲವೆಂದೂ ಹೇಳಿದರು. ಇಪ್ಪತ್ತು ನಿಮಿಷ ಚರ್ಚೆ ನಡೆಯಿತು. ಶಿಕ್ಷಕರೇ ಸಿಗದಿದ್ದರೆ ತರಗತಿ ಉಳಿಸಿ ಏನು ಮಾಡುವುದು ಎಂದು ಒಬ್ಬ ಸದಸ್ಯರು ಕೇಳಿದರು. ಅದು ನ್ಯಾಯವಾದ ಪ್ರಶ್ನೆಯೇ.

ತರಗತಿ ಉಳಿಸಲು ನಾಲ್ಕು ಮತ, ವಿರುದ್ಧ ಒಂದು. ಮುಂದಿನ ಶಾಲಾ ವರ್ಷ ತರಗತಿ ಇದ್ದಲ್ಲೇ ಇರತಕ್ಕದ್ದು. ಶಿಕ್ಷಕಿಗಾಗಿ ಹುಡುಕಾಟ ಕೂಡಲೇ ಶುರುವಾಗತಕ್ಕದ್ದು. ಆ ಬಳಿಕ ಸ್ಥಳ ಬದಲಿಸುವ ಮಾತು ಬಂದರೆ, ಪ್ರತಿ ಮಗುವಿನ ಮನೆಯಿಂದ ಹಿಡಿದ ಸಮಯ ಕಾಗದದಲ್ಲಿರಬೇಕು. ಜೊತೆಗೆ ಸಮಿತಿಗೊಂದು ಕೆಲಸ: ಏಳೂ ಕುಟುಂಬಗಳನ್ನು ಬೇರೆ ಬೇರೆಯಾಗಿ, ಅವರವರ ಭಾಷೆಯಲ್ಲಿ ಮಾತಾಡಿಸಿ, ಅವರು ಹೇಳಿದ್ದನ್ನು ಬರಹದಲ್ಲಿ ಮೇ ತಿಂಗಳ ಸಭೆಗೆ ತರಬೇಕು.

ಒಂದು ವರ್ಷ, ಅಷ್ಟೇ. ಆದರೆ ಎಂಟು ವರ್ಷದ ಮಗುವಿಗೆ ಒಂದು ವರ್ಷ ಬಹಳ.

ಹೊರಗೆ ಪಾರ್ಕಿಂಗ್‌ನಲ್ಲಿ ದೀಪಗಳು ಹತ್ತಿದ್ದವು. ತಾಯಿ ಗಂಡನಿಗೆ ಫೋನ್ ಮಾಡಿ ಹೇಳಿದರು. ಮಗಳು ಊಟ ಮುಗಿಸಿ ಸ್ನಾನದ ತೊಟ್ಟಿಯಲ್ಲಿ ಕೂತಿದ್ದಾಳಂತೆ, ಅಲ್ಲಿಂದ ನೀರು ಬಡಿಯುವ ಸದ್ದು ನನಗೂ ಕೇಳಿಸಿತು. ಫೋನ್ ಇಟ್ಟು ಹೊರಟ ಆಕೆಯನ್ನು ತಡೆದು, ಏಳು ಮನೆಗಳಲ್ಲಿ ಮೊದಲ ಮನೆ ಇಲ್ಲೇ ಇದೆಯಲ್ಲ, ಬರೆದೇ ಹೋಗೋಣ ಎಂದೆ. ಕಾರಿನ ಬಾನೆಟ್ ಮೇಲೆ ಪುಸ್ತಕ ಇಟ್ಟು, ಆಕೆ ಹೇಳಿದ್ದನ್ನು ಆಕೆಯ ಮಾತಿನಲ್ಲೇ ಬರೆದೆ. ಒಂದು ಪುಟ ತುಂಬಿ ಎರಡನೆಯದಕ್ಕೆ ಹೋಯಿತು. ಮೊದಲಿಂದ ಓದಿ ಹೇಳಿ, ಏನಾದರೂ ಬಿಟ್ಟಿದೆಯೇ ಎಂದು ಕೇಳಿದೆ. ಎಲ್ಲ ಸರಿಯಿದೆ ಆಂಟಿ ಎಂದರು. ನಾನು ಪೆನ್ನು ಮುಚ್ಚದೆ ಆಕೆಯ ಮುಖವನ್ನೇ ನೋಡುತ್ತ ನಿಂತೆ.

“ಹೇಳ್ಬಹುದಾ?” ಎಂದರು. “ಮಾತು ಕಲಿಸೋ ಸ್ಪೀಚ್ ಕ್ಲಾಸ್ ವಾರಕ್ಕೆ ಎರಡು ಸಲ ಅಂತ ಶಾಲೆಯವರ ಜೊತೆಗಿನ ಒಪ್ಪಂದದ ಕಾಗದದಲ್ಲಿದೆ. ಜನವರಿಯಿಂದ ಒಂದೇ ಸಲ ನಡೀತಿದೆ. ನಾನು ಯಾರಿಗೂ ಹೇಳಿಲ್ಲ.”

“ಈಗ ಹೇಳಿದಿಯಲ್ಲ,” ಎಂದೆ.

ಅದನ್ನೂ ಬರೆದು, ಇನ್ನೊಮ್ಮೆ ಓದಿ ಹೇಳಿ, ಕೆಳಗೆ ಆಕೆಯ ಸಹಿ ಹಾಕಿಸಿಕೊಂಡೆ. ಸಮಯ ಏಳೂ ಐವತ್ತು.