ಮೀನಾಕ್ಷಿ ಕುಂತರೆ ಏರು ಹತ್ತದ ಗಾಡಿ

ರಾಣೆಬೆನ್ನೂರಿನ ಪುಂಡಲೀಕನದು ಬೀಜದ ವ್ಯಾಪಾರ. ಅಂಗಡಿ ಇಟ್ಟು ಕೂತವನಲ್ಲ. ಯಾವುದೋ ಕಂಪನಿಯ ಪೊಟ್ಟಣಗಳನ್ನು ಬೈಕಿಗೆ ಹೇರಿಕೊಂಡು ಕುಪ್ಪೇಲೂರು, ಗುತ್ತಲ ಅಂತ ಊರೂರು ಸುತ್ತುವವ. ಅವನ ಬೀಜ ಹುಟ್ಟುತ್ತಿತ್ತೋ ಇಲ್ಲವೋ, ಮಾತು ಮಾತ್ರ ಬಿದ್ದಲ್ಲೇ ಮೊಳಕೆ ಒಡೆಯುತ್ತಿತ್ತು. ಕಟ್ಟೆಯ ಮೇಲೆ ನಾಲ್ಕು ಜನ ನಕ್ಕರೆ ಎರಡು ಪೊಟ್ಟಣ ಖರ್ಚಾದಂತೆ. ನಗಿಸಲು ಯಾರಾದರೂ ಬೇಕಲ್ಲ? ಹೆಂಡತಿ ಮೀನಾಕ್ಷಿ ಕೈಗೆ ಹತ್ತಿರವಿದ್ದಳು.

ಮಳೆಗಾಲ ಮುಗಿದ ಮೇಲೆ ಬೈಕು ಏರಿನಲ್ಲಿ ತಿಣುಕತೊಡಗಿತು. ಒಬ್ಬನೇ ಇದ್ದಾಗ ತಿಣುಕಿದರೆ ಪೆಟ್ರೋಲ್ ಬಂಕಿನವನನ್ನು ಬೈಯುತ್ತಿದ್ದ. ಹಿಂದೆ ಮೀನಾಕ್ಷಿ ಇದ್ದರೆ ಕಾರಣ ಹುಡುಕುವ ಕಷ್ಟವೇ ಇರಲಿಲ್ಲ.

"ಎರಡು ಚೀಲ ಬೀಜಾ ಹೇರಿದ್ರ ಓಡತೈತ್ರಿ. ನಮ್ಮಾಕಿ ಕುಂತ್ಲಂದ್ರ ಅದೂ ಕುಂತಬಿಡತೈತಿ!"

ಗುತ್ತಲದ ಸಂತೆಯಲ್ಲಿ ಹುಟ್ಟಿದ ಈ ಮಾತು ಬ್ಯಾಡಗಿಯಲ್ಲಿದ್ದ ಹೆಂಡತಿಯ ತಂಗಿ ಕಾವೇರಿಯ ಮನೆ ತನಕ ಹೋಯಿತು. "ಅಕ್ಕಾ, ಟ್ರ್ಯಾಕ್ಟರ್ ತಗೋ ಅನ್ನು ಮಾಮಾಗ" ಎಂದು ಆಕೆಯೂ ಫೋನಿನಲ್ಲಿ ನಕ್ಕಳು. ಎಲ್ಲರಿಗಿಂತ ಜೋರಾಗಿ ಮೀನಾಕ್ಷಿಯೇ ನಕ್ಕಿದ್ದಳು. ಆಮೇಲೆ ಅವಳ ರಾತ್ರಿಯ ಎರಡು ರೊಟ್ಟಿ ಒಂದಾಯಿತು. ಆ ಒಂದೂ ಹೋಗಿ ಒಂದು ಬಟ್ಟಲು ಮಜ್ಜಿಗೆಯಾಯಿತು. "ಯಾಕ, ಉಪಾಸೇನು?" ಅಂದರೆ "ಹಸಿವಿಲ್ರಿ" ಅನ್ನುತ್ತಿದ್ದಳು. ಪುಂಡಲೀಕ ತನ್ನ ಮೂರನೇ ರೊಟ್ಟಿಗೆ ಕೈ ಹಾಕುತ್ತಿದ್ದ.

ಕಾವೇರಿಯ ಮಗನ ತೊಟ್ಟಿಲ ಕಾರ್ಯ ಹತ್ತಿರ ಬಂದಾಗ ಹಿಂದಿನ ಗಾಲಿಯಿಂದ ಸುಟ್ಟ ವಾಸನೆ ಬಂತು. ಗ್ಯಾರೇಜಿನ ಅಜೀಮ ಗಾಡಿಯನ್ನು ಡಬಲ್ ಸ್ಟ್ಯಾಂಡಿಗೆ ಹಾಕಿ ಗಾಲಿ ತಿರುವಿದ. ಅರ್ಧ ಸುತ್ತೂ ಹೋಗಲಿಲ್ಲ.

"ಅಣ್ಣಾ, ಹಿಂದಿನ ಬ್ರೇಕಿನ ಕ್ಯಾಲಿಪರ್ ಜಾಮ್ ಆಗೇತಿ. ಬ್ರೇಕ್ ಬಿಟ್ರೂ ಪಿಸ್ಟನ್ ವಾಪಸ್ ಹೋಗವಲ್ದು, ಪ್ಯಾಡ್ ಡಿಸ್ಕ್ ಹಿಡಕೊಂಡ ಕುಂತೈತಿ. ತಿಂಗಳಗಟ್ಲೆ ಬ್ರೇಕ್ ಹಾಕ್ಕೊಂಡs ಗಾಡಿ ಹೊಡದೀರಿ ನೀವು."

"ಅಂದ್ರ, ಏರು ಹತ್ತದಿದ್ದದ್ದು..."

"ಇದಕ್ಕರಿ. ಮತ್ಯಾಕ?"

ಪಿಸ್ಟನ್ನನ್ನು ತುಕ್ಕು ತಿಂದಿತ್ತು, ತಿಕ್ಕಿ ಉಪಯೋಗವಿರಲಿಲ್ಲ. ಹಾವೇರಿಯಿಂದ ಹೊಸ ಕ್ಯಾಲಿಪರ್ ಬಂತು. ಅಜೀಮ ಹಳೆಯದನ್ನು ಬಿಚ್ಚಿ, ಹೊಸದಕ್ಕೆ ಪ್ಯಾಡ್ ಕೂರಿಸಿ, ಬೋಲ್ಟ್ ಬಿಗಿದು, ಪೈಪು ಜೋಡಿಸಿ, ಬ್ರೇಕ್ ಆಯಿಲ್ ತುಂಬಿದ. "ತುಳೀರಿ... ಹಿಡೀರಿ... ಬಿಡ್ರಿ" ಅನ್ನುತ್ತ ಪುಂಡಲೀಕನಿಂದ ಬ್ರೇಕ್ ತುಳಿಸಿ, ಆಯಿಲಿನಲ್ಲಿ ಗುಳ್ಳೆ ನಿಲ್ಲುವ ತನಕ ಒಳಗಿನ ಗಾಳಿ ತೆಗೆದ. ಆಮೇಲೆ ಒಂದೇ ಬೆರಳಿನಿಂದ ಗಾಲಿ ತಿರುವಿದ. ಅದು ತಿರುಗಿತು, ತಿರುಗುತ್ತಲೇ ಇತ್ತು. ಪುಂಡಲೀಕ ನೋಡಲಾಗದೆ ರಸ್ತೆಯ ಕಡೆ ಮುಖ ಮಾಡಿದ.

ಹೇಳಿಬಿಡಬೇಕೆಂದೇ ಮನೆಗೆ ಹೋದ. ಆದರೆ ಊರಿಗೆಲ್ಲ ಹಂಚಿದ ನಗೆಯನ್ನು ಯಾವ ಮುಖ ಹೊತ್ತು ವಾಪಸು ಕೇಳುವುದು? "ಏನಾಗಿತ್ರಿ ಗಾಡಿಗೆ?" ಎಂದಳು ಮೀನಾಕ್ಷಿ. "ಏನಿಲ್ಲ, ಸರ್ವೀಸಿಂಗ್" ಎಂದ. ಆ ರಾತ್ರಿಯೂ ಆಕೆ ಮಜ್ಜಿಗೆ ಕುಡಿದು ಮಲಗಿದಳು. ಮರುದಿನವೂ.

ಕಾರ್ಯದ ದಿನ ಇಬ್ಬರೂ ಬ್ಯಾಡಗಿಗೆ ಹೊರಟರು. ಹೈವೇದ ಬ್ರಿಜ್ಜಿನ ಏರನ್ನು ಬೈಕು ಗೊಣಗದೆ ಹತ್ತಿತು. ಹಿಂದಿನಿಂದ ಮೀನಾಕ್ಷಿಯ ಕೈ ಅವನ ಹೆಗಲಿಗೆ ಬಂತು.

"ನೋಡಿದ್ರ್ಯಾ? ನಾ ತೂಕಾ ಇಳದೇನಿ!"

ಪುಂಡಲೀಕ ಹೌದು ಅಂದನೋ ಹೂಂ ಅಂದನೋ, ಹೆಲ್ಮೆಟ್ಟು ನುಂಗಿಕೊಂಡಿತು.

ಊಟದ ಸಾಲಿಗೆ ಹೋಳಿಗೆ ಬಂದಾಗ ಮೀನಾಕ್ಷಿ ಎಲೆಗೆ ಕೈ ಅಡ್ಡ ಹಿಡಿದಳು.

"ಬ್ಯಾಡಗಿಗೆ ಬಂದು ಬ್ಯಾಡ ಅಂದ್ರ ಹೆಂಗಕ್ಕಾ?" ಎಂದಳು ಕಾವೇರಿ.

"ಒಲ್ಲೆವಾ. ಇವತ್ತ ಗಾಡಿ ಹೆಂಗ ಓಡಿತು, ಕೇಳು ನಿಮ್ಮ ಮಾಮಾನ್ನ." ಆಕೆಯ ಮುಖದಲ್ಲಿ ಪರೀಕ್ಷೆ ಪಾಸಾದವಳ ಕಳೆ. ಸಾಲಿನವರೆಲ್ಲ ಪುಂಡಲೀಕನ ಹೊಸ ಜೋಕಿಗೆ ಕಾದು ಕೂತರು.

ಅವನು ಕೈಯಲ್ಲಿದ್ದ ಹೋಳಿಗೆಯನ್ನು ಎಲೆಯ ಮೇಲಿಟ್ಟ.

"ಆಕಿ ತೂಕದ್ದೇನೂ ಇರಲಿಲ್ರಿ" ಅಂದ. "ಬ್ರೇಕ್ ಹಿಡದಿತ್ತು. ಕ್ಯಾಲಿಪರ್ ಬದಲಿ ಮಾಡಿಸೇನಿ. ನಾನs ಸುಮ್ಮ ಆಕಿ ಮ್ಯಾಲೆ ಹಾಕಿದ್ದೆ."

ಯಾರೋ ನಕ್ಕರು, ರೂಢಿ. ಮೀನಾಕ್ಷಿ ನಗಲಿಲ್ಲ.

"ಯಾವಾಗ ಮಾಡಿಸಿದ್ರಿ?"

"ಸೋಮವಾರ."

"ಇವತ್ತ ಶುಕ್ರವಾರ." ಆಕೆಯ ದನಿ ಏರಲಿಲ್ಲ. "ಚಾಷ್ಟಿ ಮಾಡಿದ್ದು ಇರ್ಲಿ, ನಾನೂ ನಕ್ಕೇನಿ. ಸೋಮವಾರದಿಂದ ನಾ ಹಸದು ಮಲಗೋದನ್ನ ನೋಡಕೋಂತ ಕುಂತಿದ್ರಲ್ಲ, ಅದು ಹೆಂಗ ಆತ್ರಿ ನಿಮ್ಮಿಂದ?"

ಪುಂಡಲೀಕ ಅರ್ಧ ಊಟದಲ್ಲೇ ಎಲೆ ಮಡಚಿದ.

ಸಂಜೆ ಅವನು ಗಾಡಿ ಚಾಲೂ ಮಾಡಿ ನಿಂತ. ಮೀನಾಕ್ಷಿ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ನಡೆದಳು. "ನೀವು ಹೋಗ್ರಿ. ನಾ ಬಸ್ಸಿಗೆ ಬರತೇನಿ."

ಬಸ್ಸಿನ ಹಿಂದೆಯೇ ಅವನು ಗಾಡಿ ಹೊಡೆದ. ಅದು ನಿಂತಲ್ಲಿ ನಿಂತ, ಹೊರಟಾಗ ಹೊರಟ. ಹೊಸ ಬ್ರೇಕು ಹಿಡಿ ಎಂದಾಗ ಹಿಡಿಯುತ್ತಿತ್ತು, ಬಿಡು ಎಂದಾಗ ಬಿಡುತ್ತಿತ್ತು. ಕಿಟಕಿಯಲ್ಲಿ ಮೀನಾಕ್ಷಿಯ ಸೆರಗು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಂದು ಸ್ಟಾಪಿನಲ್ಲಿ ಕಂಡಕ್ಟರ್ ಬಾಗಿಲಿಗೆ ಬಂದು ಕೂಗಿದ:

"ಏ ಅಣ್ಣಾ, ಅಷ್ಟ ದಾರಿ ಖಾಲಿ ಐತಿ, ದಾಟಿ ಹೋಗಬಾರದ?"

"ಒಳಗ ನಮ್ಮ ಮನಿಯವರದಾರ್ರಿ" ಎಂದ ಪುಂಡಲೀಕ, ತಲೆ ಎತ್ತದೆ.